ಕೋಲು ಕಳೆದ ದಿನವೂ ಓಡಿದ ರೈಲು

ಪಾರ್ಕಿನ ಗೇಟು ದಾಟಿ ಒಳಗೆ ಬಂದವರ ಕಿವಿಗೆ ಮೊದಲು ಬೀಳುವುದು ತಿರುಗುವ ರಾಟೆಯ ಸದ್ದಲ್ಲ, ಬಾವುಟದಕ್ಕನ ಗಂಟಲು. "ಕಿಟಕಿಯಾಚೆ ಕೈ ಹಾಕ್ಬೇಡಿ! ಏ ಕೆಂಪಂಗಿ, ನಿನಗೇ ಹೇಳಿದ್ದು! ಅಜ್ಜೀ, ನೀವು ಕೂತ ಮೇಲೇ ರೈಲು ಬಿಡೋದು, ಅವಸರ ಬೇಡ!" ಎಂದು ಅವಳು ಪ್ಲಾಟ್‌ಫಾರ್ಮಿನ ಒಂದು ತುದಿಯಲ್ಲಿ ಕೂಗಿದರೆ ಇನ್ನೊಂದು ತುದಿಯಲ್ಲಿ ಐಸ್‌ಕ್ರೀಮ್ ಮಾರುವವನು ಕೂಡ ತನ್ನ ಕೈಯನ್ನು ಒಳಗೆಳೆದುಕೊಳ್ಳುತ್ತಾನೆ. ಪಾರ್ಕನ್ನು ಸುತ್ತು ಹಾಕುವ ಪುಟ್ಟ ರೈಲಿಗೆ ಅವಳು ಗಾರ್ಡ್. ಕೈಯಲ್ಲಿ ಸದಾ ಬಾವುಟ. ಊಟಕ್ಕೆ ಕೂತಾಗಲೂ ಅದು ಕಂಕುಳಲ್ಲಿರುತ್ತದೆ. ಅವಳ ಸ್ವಂತ ಹೆಸರು ಹಾಜರಿ ಹಾಕುವ ಗುಮಾಸ್ತನಿಗೆ ಬಿಟ್ಟರೆ ಪಾರ್ಕಿನಲ್ಲಿ ಯಾರಿಗೂ ಗೊತ್ತಿಲ್ಲ. ಅದರ ಅಗತ್ಯವೂ ಯಾರಿಗೂ ಬಿದ್ದಿಲ್ಲ.

ನಯವಿನಯದ ಹೆಂಗಸು ಎಂದು ಅವಳನ್ನು ಯಾರೂ ಹೊಗಳಿದವರಿಲ್ಲ. ತಾನು ಮಾಡಿದ್ದನ್ನು ತಾನೇ ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದರಲ್ಲಿ ಅವಳದು ಎತ್ತಿದ ಕೈ. ಹೇಳಿಕೊಳ್ಳಲಿ ಬಿಡಿ. ಏನೂ ಮಾಡದೆ ಹೇಳಿಕೊಳ್ಳುವವರನ್ನೇ ಇಷ್ಟು ಜನರನ್ನು ಸಹಿಸಿಕೊಂಡಿದ್ದೇವೆ, ಮಾಡಿ ಹೇಳಿಕೊಳ್ಳುವವಳೊಬ್ಬಳನ್ನು ಸಹಿಸಿಕೊಂಡರೆ ನಮ್ಮ ಗಂಟೇನು ಹೋಗುತ್ತದೆ?

ರೈಲಿಗೆ ಬರುವ ಮೊದಲು ಅವಳಿದ್ದದ್ದು ನೆಲಮಾಳಿಗೆಯಲ್ಲಿ. ನೀರಾಟಕ್ಕೆ ಹೋಗುವವರು ಬಟ್ಟೆ, ಚಪ್ಪಲಿ, ಗಡಿಯಾರ ಇಟ್ಟು ಹೋಗುವ ಲಾಕರ್ ಕೋಣೆ ಅದು. ಒಂದು ಕಿಟಕಿಯೂ ಇಲ್ಲ. ಹೊರಗೆ ಬಿಸಿಲೋ ಮೋಡವೋ ಎಂಬುದನ್ನು ಬಂದವರನ್ನು ಕೇಳಿ ತಿಳಿಯಬೇಕು. ಒದ್ದೆ ಕಾಲುಚೀಲದ ವಾಸನೆ ಅವಳ ಮೂಗಿನಲ್ಲಿ ಮನೆ ಮಾಡಿಕೊಂಡಿತ್ತು; ಮನೆಯಲ್ಲಿ ಏನು ಒಗ್ಗರಣೆ ಹಾಕಿದರೂ ಅದು ಹೋಗುತ್ತಿರಲಿಲ್ಲ. ಕೀಲಿ ಕೊಡುವುದು, ಕೀಲಿ ಇಸಿದುಕೊಳ್ಳುವುದು, ಕೀಲಿ ಕಳೆದುಕೊಂಡವರ ಹತ್ತಿರ ಜಗಳವಾಡುವುದು, ವರ್ಷಾನುಗಟ್ಟಲೆ ಇದೇ. ರೈಲು ಮೇಲೆ ಹಾದು ಹೋದಾಗಲೆಲ್ಲ ಮಾಳಿಗೆ ಸಣ್ಣಗೆ ನಡುಗಿ, ಗೋಡೆಗೆ ನೇತುಹಾಕಿದ ಕೀಲಿಗಳು ಕಿಣಿಕಿಣಿ ಎನ್ನುತ್ತಿದ್ದವು. ಆಗೆಲ್ಲ ಅವಳು ತಲೆಯೆತ್ತಿ ಬರಿಯ ಸುಣ್ಣದ ಗಾರೆಯನ್ನು ನೋಡುತ್ತಿದ್ದಳು.

ಆ ರೈಲಿನ ಡ್ರೈವರ್ ಬೇರೆ ಯಾರೂ ಅಲ್ಲ, ಅವಳ ಅಕ್ಕನ ಗಂಡ. ಹಳೆಯ ಗಾರ್ಡ್ ಕೆಲಸ ಬಿಟ್ಟಾಗ "ಭಾವ, ನನ್ನ ಬಗ್ಗೆ ಒಂದು ಮಾತು ಹೇಳಿ" ಎಂದು ಅವಳು ಕೇಳಿದ್ದಕ್ಕೆ ಭಾವ ಮೀಸೆ ತಿರುವಿ, "ನಾದಿನಿನ ತಂದು ಸೇರಿಸ್ದ ಅಂತ ನಾಳೆ ಜನ ಆಡ್ಕೊಳ್ಳಲ್ವೇನಮ್ಮಾ?" ಎಂದಿದ್ದರು. ಆ ಮಾತನ್ನು ಅವಳು ಇಂದಿಗೂ ಮರೆತಿಲ್ಲ, ಭಾವನನ್ನೂ ಮರೆಯಲು ಬಿಟ್ಟಿಲ್ಲ. ತಾನೇ ಮ್ಯಾನೇಜರ ಕೋಣೆಯ ಬಾಗಿಲಲ್ಲಿ ನಿಂತಳು. ಕೆಲಸ ಸಿಗುವವರೆಗೆ ಜಪ್ಪಯ್ಯ ಅಂದರೂ ಅಲ್ಲಿಂದ ಅಲ್ಲಾಡಲಿಲ್ಲ. ಮೊದಲ ಸುತ್ತು ಮುಗಿಸಿ ಇಳಿದಾಗ ಅವಳ ಕಣ್ಣಲ್ಲಿ ನೀರು. ಆ ಸಂಜೆ ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂತು, "ಆಕಾಶ ಅನ್ನೋದು ಇಷ್ಟು ದೊಡ್ಡದಾಗಿ ಇತ್ತಾ ಅಕ್ಕಾ? ದಿನಾ ಇತ್ತಾ?" ಎಂದು ಕೇಳಿದ್ದಳು.

ಹೀಗಿರುವಾಗ ಒಂದು ದಿನ ಮ್ಯಾನೇಜರು ಶೆಡ್ಡಿಗೆ ಬಂದರು. ಒಳ್ಳೆಯ ಮನುಷ್ಯ, ಆದರೆ ಸದಾ ನಿದ್ದೆಗೆಟ್ಟವರ ಮುಖ. ಪಾರ್ಕಿಗೆ ಹೊಸದೊಂದು ಕಬ್ಬಿಣದ ಬೆಟ್ಟ ಬರುತ್ತದೆ, ಅದರ ಮೇಲೆ ಗಾಡಿಗಳು ಹತ್ತಿ ಧುಮುಕುತ್ತವೆ, ಅದರ ಕಂಬಗಳು ರೈಲು ಹಳಿಯ ಮೇಲೇ ಬರುತ್ತವೆ ಎಂದರು. ಬೆಟ್ಟ ಮುಗಿದ ಮೇಲೆ ಅದರ ಹೊಟ್ಟೆಯೊಳಗಿನಿಂದಲೇ ಸುರಂಗ ಮಾಡಿ ಹಳಿ ಜೋಡಿಸುತ್ತಾರಂತೆ. ಅಲ್ಲಿಯವರೆಗೆ ರೈಲು ಶೆಡ್ಡಿನಲ್ಲಿ. "ಡ್ರೈವರ್‌ಗೆ ಗ್ಯಾರೇಜಿನಲ್ಲಿ ಕೆಲಸ ಇದೆ" ಎಂದವರು ಬಾವುಟದಕ್ಕನ ಕಡೆ ತಿರುಗಿ, ತುಸು ಸಂಕೋಚದಿಂದಲೇ, "ಲಾಕರ್ ಕೋಣೇಲೂ ಜನ ಬೇಕಂತೆ" ಎಂದರು.

"ಅಲ್ಲಿಯವರೆಗೆ" ಎಂಬ ಮಾತಿನ ಅರ್ಥ ಪಾರ್ಕಿನ ಎಲ್ಲರಿಗೂ ಗೊತ್ತು. ಹಿಂದೆ ದೋಣಿ ಸವಾರಿಯನ್ನು ಬಣ್ಣ ಬಳಿಯುವವರೆಗೆ ನಿಲ್ಲಿಸುತ್ತೇವೆ ಎಂದಿದ್ದರು. ದೋಣಿಗಳಿಗೆ ಬಣ್ಣವೂ ಬಳಿದರು. ಈಗ ಆ ಕೊಳ ಇದ್ದ ಕಡೆ ಕಾರುಗಳು ನಿಲ್ಲುತ್ತವೆ. ಒಮ್ಮೆ ನಿಂತದ್ದು ಈ ಪಾರ್ಕಿನಲ್ಲಿ ಮತ್ತೆ ಹೊರಟ ಉದಾಹರಣೆ ಇರಲಿಲ್ಲ. ರೈಲು ನಿಂತರೆ ತನ್ನ ಪಾಲಿಗೆ ಉಳಿಯುವುದು ಆ ಸುಣ್ಣದ ಮಾಳಿಗೆ ಒಂದೇ ಎಂದು ಅವಳಿಗೆ ಅಲ್ಲೇ, ಆ ಕ್ಷಣವೇ ತಿಳಿಯಿತು.

ಮ್ಯಾನೇಜರು ಕೋಣೆ ಸೇರುವ ಮೊದಲೇ ಅವಳು ಅವರ ಬೆನ್ನು ಬಿದ್ದಳು.

"ಸಾರ್, ಹಳಿಯ ಉಂಗುರ ತುಂಡಾದ್ರೆ ಆಗ್ಲಿ. ಮಿಕ್ಕ ಹಳಿ ಇದೆಯಲ್ಲ? ಸ್ಟೇಷನ್ನಿಂದ ಗುಲಾಬಿ ತೋಟದವರೆಗೆ ಹೋಗೋದು, ವಾಪಸ್ ಬರೋದು."

"ಎಂಜಿನ್ ಮುಂದಿರುತ್ತಲ್ಲಮ್ಮ. ವಾಪಸ್ ಹೇಗೆ ಬರುತ್ತೆ?"

"ತಳ್ಕೊಂಡು ಬರುತ್ತೆ."

"ಬೋಗಿಗಳು ಅಡ್ಡ ಇದ್ರೆ ಡ್ರೈವರ್‌ಗೆ ದಾರಿ ಕಾಣ್ಬೇಕಲ್ಲ?"

"ನನಗೆ ಕಾಣುತ್ತಲ್ಲ ಸಾರ್! ಮುಂದಿನ ಬೋಗೀಲಿ ನಾನು ನಿಂತಿರ್ತೀನಿ. ಗಂಟೆ ಹಗ್ಗ ಎಳೀತೀನಿ. ಒಂದು ಎಳೆದ್ರೆ ನಿಲ್ಲು, ಎರಡು ಎಳೆದ್ರೆ ನಡಿ."

ಮ್ಯಾನೇಜರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಮಣ್ಣು ಹೊರುವ ಟಿಪ್ಪರ್‌ಗಳಿಗೆ ಬೆಟ್ಟದ ಕಡೆ ಹೋಗಲು ಇರುವುದು ಒಂದೇ ದಾರಿ, ಅದು ಹಳಿಯನ್ನು ಅಡ್ಡ ದಾಟಿಯೇ ಹೋಗಬೇಕು, ಅದಕ್ಕೇನು ಮಾಡುವುದು ಎಂದು ಕೇಳಿದರು. ಉತ್ತರ ಕೊಟ್ಟವರೂ ಮ್ಯಾನೇಜರೇ. ಒಂಟಿ ಹಳಿಯ ದಾರಿಗಳಲ್ಲಿ ಹಿಂದಿನವರು ಒಂದು ಕೋಲು ಇಟ್ಟುಕೊಳ್ಳುತ್ತಿದ್ದರಂತೆ. ಕೋಲು ಯಾರ ಕೈಯಲ್ಲಿದೆಯೋ ಹಳಿ ಅವರದು. ರೈಲಿನ ಕೈಯಲ್ಲಿದ್ದರೆ ಟಿಪ್ಪರ್ ನಿಲ್ಲಬೇಕು, ಟಿಪ್ಪರಿನವರ ಕೈಯಲ್ಲಿದ್ದರೆ ರೈಲು ನಿಲ್ಲಬೇಕು. ಇರುವುದು ಒಂದೇ ಕೋಲಾದ್ದರಿಂದ ಇಬ್ಬರೂ ಒಟ್ಟಿಗೆ ಹಳಿಯ ಮೇಲೆ ಬರುವ ಮಾತೇ ಇಲ್ಲ. ಹೇಳುತ್ತ ಹೇಳುತ್ತ ಮ್ಯಾನೇಜರ ಮುಖದ ನಿದ್ದೆ ಹಾರಿಹೋಯಿತು.

ಮೇಲಿನವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಕಟ್ಟಡದ ಕೆಲಸದ ದೆಸೆಯಿಂದ ರೈಲು ಒಂದೇ ಒಂದು ದಿನ ಓಡದೆ ಉಳಿದರೂ ಸರಿ, ಅಂದೇ ಶೆಡ್ಡಿಗೆ. ಬೆಟ್ಟ ಮುಗಿಯುವವರೆಗೆ ಮತ್ತೆ ಮಾತಿಲ್ಲ. ಬಾವುಟದಕ್ಕ ಆ ಷರತ್ತಿಗೆ ತಲೆಯಾಡಿಸಿ ಹೊರಗೆ ಬಂದವಳೇ ಅದನ್ನು ಇಡೀ ಪಾರ್ಕಿಗೆ ಸಾರಿದಳು.

ಭಾವ ಮಾತ್ರ ಮುಖ ಗಂಟು ಹಾಕಿಕೊಂಡು ಕೂತರು. ಅವರ ಎಂಜಿನ್ನಿನ ಕಥೆಯನ್ನು ಇಲ್ಲಿ ಹೇಳಲೇಬೇಕು. ನೋಡುವುದಕ್ಕೆ ಅದು ಹೊಗೆ ಉಗುಳುವ ಕಲ್ಲಿದ್ದಲ ಎಂಜಿನ್, ಒಳಗಿರುವುದು ಡೀಸೆಲ್. ಆ ಸುಳ್ಳು ಚಿಮಣಿಯನ್ನು ಭಾವ ದಿನಾ ಬೆಳಗ್ಗೆ ಹೆಂಡತಿಯ ಹಳೆಯ ಸೀರೆಯ ತುಂಡಿನಿಂದ ಉಜ್ಜಿ ಮುಖ ಕಾಣುವಂತೆ ಮಾಡುತ್ತಾರೆ. ಅದರ ಮುಂದೆ ನಿಂತು ಮೀಸೆ ಸರಿಮಾಡಿಕೊಳ್ಳುವುದೂ ಉಂಟು.

"ಹಿಂದಕ್ಕೆ ಓಡ್ಸೋದಾ? ನಾನೇನು ಏಡಿನಾ?"

"ಏಡಿ ಅಡ್ಡಡ್ಡ ಹೋಗುತ್ತೆ ಭಾವ, ಹಿಂದಕ್ಕಲ್ಲ."

"ನಿನ್ನ ಕಣ್ಣು ನಂಬ್ಕೊಂಡು ನಾನು ಕುರುಡನ ಹಾಗೆ ತಳ್ಬೇಕಾ?"

"ಮನೆ ನಡೆಸೋಕೆ ನಮ್ಮಕ್ಕನ ಕಣ್ಣು ನಂಬ್ಕೊಂಡಿಲ್ವಾ ಇಷ್ಟು ವರ್ಷ? ಅದೇ ತಾಯಿ ಹೆತ್ತ ಕಣ್ಣು ಇದೂ."

ಭಾವ ಇಂಗು ತಿಂದ ಮಂಗನ ಹಾಗೆ ಎದ್ದು ಹೋಗಿ ಎಂಜಿನ್ ಹತ್ತಿದರು. ಜನ ಬರುವ ಮೊದಲಿನ ಬೆಳಗುಗಳಲ್ಲಿ ಖಾಲಿ ಬೋಗಿಗಳನ್ನು ಇಟ್ಟುಕೊಂಡು ಇಬ್ಬರೂ ಅಭ್ಯಾಸಕ್ಕೆ ಇಳಿದರು. ಮೊದಮೊದಲು ಬೋಗಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ಒಂದು ದಿನ ಅವಳು ಹಗ್ಗವನ್ನು ಒಮ್ಮೆ ಎಳೆದಳೋ ಎರಡು ಸಲ ಎಳೆದಳೋ ಎಂದು ಇಬ್ಬರಿಗೂ ಜಗಳವಾಗಿ, ಸಂಜೆ ಅದು ಅಕ್ಕನ ಅಡುಗೆಮನೆವರೆಗೂ ಬಂತು. ಅಕ್ಕ ಇಬ್ಬರಿಗೂ ಬೈದಳು. ಬರಬರುತ್ತ ಭಾವನ ಕೈ ಪಳಗಿತು. ಗ್ಲಾಸಿನಲ್ಲಿ ತುಂಬಿಟ್ಟ ನೀರು ತುಳುಕದ ಹಾಗೆ ಬೋಗಿಗಳನ್ನು ತಳ್ಳತೊಡಗಿದರು. ಹೊಗಳಿದರೆ ಮಾತ್ರ, "ಇದರಲ್ಲೇನಿದೆ, ನನಗೆ ಮೊದಲೇ ಬರ್ತಿತ್ತು" ಎಂದುಬಿಡುತ್ತಿದ್ದರು.

ಬೆಟ್ಟದ ಕೆಲಸ ಶುರುವಾಯಿತು. ಹಳದಿ ಟೋಪಿಯ ಒಬ್ಬ ಮೇಸ್ತ್ರಿ ಬಂದ. ಎತ್ತರದ ಆಳು, ಅದಕ್ಕಿಂತ ಎತ್ತರದ ಗಂಟಲು, ಬಾವುಟದಕ್ಕನಿಗೆ ಸರಿಜೋಡಿ. ಹಳಿ ದಾಟುವ ಜಾಗದಲ್ಲಿ ಅಡ್ಡಕ್ಕೆ ಒಂದು ಸರಪಳಿ. ಅದರ ಕೊಂಡಿ ಎತ್ತುವ ಅಧಿಕಾರ ಮೇಸ್ತ್ರಿಯದು, ಆದರೆ ಕೋಲು ಕಣ್ಣೆದುರಿಗಿದ್ದರೆ ಮಾತ್ರ. ರೈಲು ಹಿಂದಕ್ಕೆ ಬಂದು ಆ ಜಾಗ ದಾಟಿದ ಮೇಲೆ ಕೊನೆಯಲ್ಲಿರುವ ಎಂಜಿನ್ನಿನಿಂದ ಭಾವ ಕೈಚಾಚಿ ಕೋಲನ್ನು ಮೇಸ್ತ್ರಿಗೆ ಕೊಡುತ್ತಿದ್ದರು. ಟಿಪ್ಪರ್‌ಗಳು ದಾಟುತ್ತಿದ್ದವು. ರೈಲು ಮತ್ತೆ ಹೊರಡುವ ಹೊತ್ತಿಗೆ ಮೇಸ್ತ್ರಿ ಕೋಲು ಹಿಡಿದು, ಕೂಗಳತೆಯಲ್ಲೇ ಇದ್ದ ಸ್ಟೇಷನ್ನಿಗೆ ನಡೆದು ಬಂದು ಬಾವುಟದಕ್ಕನ ಕೈಗಿಡಬೇಕು. ಬೇರೆಯವರ ಕೈಗೆ ಕೊಟ್ಟು ಕಳಿಸಲು ಅವನಿಗೆ ಧೈರ್ಯ ಸಾಲದು. ದಿನಾ ಬಂದು ದಿನಾ ಗೊಣಗುತ್ತಿದ್ದ.

"ಅಕ್ಕಾ, ಇಂಥದೇ ಇನ್ನೊಂದು ಕೋಲು ಮಾಡ್ಸಿ. ನಿಮ್ಮದು ನಿಮ್ಮ ಹತ್ರ, ನಮ್ಮದು ನಮ್ಮ ಹತ್ರ. ನನ್ನ ಕಾಲಿಗೂ ಸ್ವಲ್ಪ ಪುಣ್ಯ ಬರ್ಲಿ."

"ಇನ್ನೊಂದು ಮಾಡ್ಸಿದ್ರೆ ಅದು ಕೋಲಲ್ಲ ಮೇಸ್ತ್ರಿ, ಸೌದೆ."

ಬೈದಾಡುತ್ತಲೇ ಇಬ್ಬರಿಗೂ ಸ್ನೇಹವಾಯಿತು. ರೈಲು ಬರುವಾಗ ಮೇಸ್ತ್ರಿ ತನ್ನ ಹಳದಿ ಟೋಪಿ ತೆಗೆದು ಹಿಡಿಯುವುದು, ಅವಳು ಬಾವುಟ ಬೀಸುವುದು ರೂಢಿಯಾಯಿತು. ಯಾರೂ ಎಣಿಸದ ಸಂಗತಿಯೂ ಒಂದು ನಡೆಯಿತು. ರೈಲಿಗೆ ಜನ ಮೊದಲಿಗಿಂತ ಹೆಚ್ಚಾದರು. ಕಳೆದ ಸಲ ಬಂದಾಗ ಬರೀ ಗುಂಡಿ ಇತ್ತು, ಈಗ ಕಂಬ ಎದ್ದಿದೆ ಎಂದು ನೋಡುವುದಕ್ಕೇ ಬರುವವರು ಹುಟ್ಟಿಕೊಂಡರು. ಬಾವುಟದಕ್ಕ ಬೋಗಿಯ ತುದಿಯಲ್ಲಿ ನಿಂತು, "ಎಡಗಡೆ ನೋಡಿ, ಇದು ನಮ್ಮ ಬೆಟ್ಟದ ಮೊದಲನೇ ಕಾಲು. ಇನ್ನೂ ಮಗು, ದೃಷ್ಟಿ ಹಾಕ್ಬೇಡಿ" ಎಂದು ವಿವರಿಸಿದರೆ ಬೋಗಿಗೆ ಬೋಗಿಯೇ ನಗುತ್ತಿತ್ತು. ಬೆಟ್ಟ ಕಟ್ಟುವವರಿಗಿಂತ ಹೆಚ್ಚಾಗಿ ಅದು ತನ್ನದೇ ಎಂಬಂತೆ ಮಾತಾಡತೊಡಗಿದಳು.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗಲೇ ಆ ರಜಾದಿನ ಬಂತು. ಬೆಳಗ್ಗೆಯೇ ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿಲ್ಲ. ರೈಲು ತುಂಬಿ, ಭಾವ ಸಿಳ್ಳೆ ಹಾಕಿಯೂ ಆಗಿದೆ, ಮೇಸ್ತ್ರಿಯ ಪತ್ತೆಯಿಲ್ಲ. ಬಾವುಟದಕ್ಕ ಕತ್ತು ಉದ್ದ ಮಾಡಿ ನೋಡುತ್ತಿದ್ದಾಳೆ. ಕೊನೆಗೆ ಬಂದ. ಕೈ ಬರಿದು, ಮುಖ ಬಿಳುಚಿಕೊಂಡಿದೆ.

"ಅಕ್ಕಾ, ಕೋಲು ಹೋಯ್ತು."

"ಎಲ್ಲಿಗೆ?"

"ಕಾಂಕ್ರೀಟಿನೊಳಗೆ."

ನಡೆದದ್ದು ಇಷ್ಟು. ಬೆಳಗಿನ ಟಿಪ್ಪರ್‌ಗಳು ದಾಟಿದ ಮೇಲೆ ಅವನು ಕೋಲನ್ನು ಹಿಂದೆ ಸೊಂಟದ ಬೆಲ್ಟಿಗೆ ಸಿಗಿಸಿಕೊಂಡಿದ್ದ. ಎಲ್ಲಾದರೂ ಇಟ್ಟರೆ ಮರೆತೇನು ಎಂಬ ಭಯ! ಹಾಗೇ ಹೊಸ ಕಂಬದ ಹಲಗೆಗಳ ಮೇಲೆ ಬಗ್ಗಿ, ಒಳಗೆ ಸುರಿಯುತ್ತಿದ್ದ ಕಾಂಕ್ರೀಟು ಸರಿಯಾಗಿ ಕೂತಿದೆಯೇ ಎಂದು ನೋಡಿದ್ದ. ಎದ್ದು ಬೆನ್ನು ಮುಟ್ಟಿಕೊಂಡರೆ ಕೋಲಿಲ್ಲ. ಕೆಳಗೆ, ಸುತ್ತ, ಮರಳಿನ ರಾಶಿಯಲ್ಲಿ ಎಲ್ಲ ಹುಡುಕಿಸಿದ್ದ. ಕಂಬದ ಹೊಟ್ಟೆಯೊಳಗೇ ಬಿದ್ದಿರಬೇಕು ಎಂದು ಎಲ್ಲರೂ ತೀರ್ಮಾನಿಸಿದ್ದರು. ಎಲ್ಲೂ ಕಳೆಯದ ಹಾಗೆ ಜೋಪಾನ ಮಾಡಲು ಹೋಗಿ ಕಳೆದುಕೊಂಡಿದ್ದ, ಪಾಪ.

ಸುದ್ದಿ ಕೇಳಿ ಮ್ಯಾನೇಜರು ಓಡಿ ಬಂದರು. ಅವರ ಹಿಂದೆಯೇ ಮೇಸ್ತ್ರಿಯ ಕಡೆಯ ಕಾರ್ಪೆಂಟರ್ ಬಂದ. ಅವನ ಕೈಯಲ್ಲಿ ಹೊಚ್ಚ ಹೊಸ ಕೋಲು! ಅದೇ ಉದ್ದ, ಅದೇ ಗಾತ್ರ, ತುದಿಗೆ ಅಂಥದೇ ಹಿತ್ತಾಳೆ ಬಳೆ. ಇವರೆಲ್ಲ ಹುಡುಕುತ್ತಿರುವಾಗ ಅವನು ಸುಮ್ಮನೆ ಕೂರದೆ ಮಾಡಿಬಿಟ್ಟಿದ್ದ. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಎಂಜಿನ್ನಿನಿಂದ ಇಳಿದ ಭಾವನೂ "ಶಹಭಾಷ್!" ಎಂದರು.

ಬಾವುಟದಕ್ಕ ಅದನ್ನು ಕೈಗೆ ತೆಗೆದುಕೊಂಡಳು. ಎಳೆ ಮರದ ವಾಸನೆ ಇನ್ನೂ ಹೋಗಿರಲಿಲ್ಲ. ತೆಗೆದುಕೊಂಡು ಹೊರಟುಬಿಡಬೇಕು ಎಂದೇ ಅವಳಿಗೂ ಅನ್ನಿಸಿತು. ಸುಳ್ಳೇಕೆ, ಬಹಳ ಅನ್ನಿಸಿತು. ರೈಲು ತುಂಬ ಜನ ಕೂತಿದ್ದಾರೆ. ಹೊರಡದಿದ್ದರೆ ಶೆಡ್ಡು, ಶೆಡ್ಡಿನ ನಂತರ ನೆಲಮಾಳಿಗೆ. ಹೊರಟರೆ ಯಾರು ಕೇಳುತ್ತಾರೆ? ಕೋಲು ಕೋಲಿನ ಹಾಗೇ ಇದೆ. ಹಸಿರು ಬಾವುಟ ಎತ್ತಲು ಅವಳ ತೋಳು ಅರ್ಧ ಮೇಲೆ ಹೋಗಿತ್ತು.

"ಮೇಸ್ತ್ರಿ, ಹಳೇದು ಕಾಂಕ್ರೀಟೊಳಗೆ ಬಿದ್ದಿದ್ದು ಕಣ್ಣಾರೆ ನೋಡಿದ್ಯಾ?"

"ನೋಡ್ಲಿಲ್ಲ. ಆದ್ರೆ ಇನ್ನೆಲ್ಲಿ ಹೋಗುತ್ತೆ ಅಕ್ಕಾ?"

ಅವಳ ತೋಳು ಕೆಳಗಿಳಿಯಿತು. ಲಾಕರ್ ಕೋಣೆಯಲ್ಲಿ ಅಷ್ಟು ವರ್ಷ ಜಗಳವಾಡಿದವಳಿಗೆ ಒಂದು ಸಂಗತಿ ಗೊತ್ತಿತ್ತು. ಕಳೆದುಹೋಯಿತು ಎಂದು ಜನ ಆಣೆ ಮಾಡಿ ಹೇಳಿದ ಕೀಲಿ, ಬದಲಿ ಕೀಲಿ ಕೊಟ್ಟ ಮೇಲೆಯೇ ಯಾರದೋ ಜೇಬಿನಿಂದ ಹೊರಗೆ ಬರುವುದು. ಅವಳು ಹೊಸ ಕೋಲನ್ನು ಮೇಸ್ತ್ರಿಯ ಕೈಗೆ ಕೊಟ್ಟು, "ಮುರಿ" ಎಂದಳು.

"ಅಯ್ಯೋ!"

"ನನ್ನ ಕಣ್ಣೆದುರಿಗೇ ಮುರಿ."

ಮೇಸ್ತ್ರಿ ಮ್ಯಾನೇಜರ ಮುಖ ನೋಡಿದ. ಮ್ಯಾನೇಜರು ತಲೆಯಾಡಿಸಿದರು. ಅವರಿಗೂ ಅದೇ ಭಯವಿತ್ತು. ಕೋಲು ಮೊಣಕಾಲಿನ ಮೇಲೆ ಲಟಕ್ಕೆಂದು ಎರಡು ತುಂಡಾಯಿತು. ಕಾರ್ಪೆಂಟರನ ಮುಖ ಸಣ್ಣದಾಯಿತು.

"ಹಾಗಾದ್ರೆ ರೈಲು ನಿಲ್ಲಿಸ್ಬೇಕಾಗುತ್ತಮ್ಮ" ಎಂದರು ಮ್ಯಾನೇಜರು ತಗ್ಗಿದ ದನಿಯಲ್ಲಿ. "ನನಗೂ ಇಷ್ಟ ಇಲ್ಲ. ಆದ್ರೆ ಕೋಲಿಲ್ಲದೆ ಬಿಡೋಕಾಗಲ್ಲ."

"ಕೋಲಿದೆ ಸಾರ್."

"ಎಲ್ಲಿ?"

ಬಾವುಟದಕ್ಕ ಕೆಂಪು ಬಾವುಟವನ್ನು ಅದರ ಕಡ್ಡಿಯಿಂದ ಬಿಚ್ಚಿ ತನ್ನ ಬಲತೋಳಿಗೆ ಸುತ್ತಿ, ಹಲ್ಲಿನಿಂದ ಗಂಟು ಬಿಗಿದಳು. "ನಾನೇ ಕೋಲು. ಮರದ್ದಕ್ಕೆ ಜೋಡಿ ಮಾಡ್ತಾರೆ, ಕೀಲಿಗೆ ಜೋಡಿ ಮಾಡ್ತಾರೆ. ನನಗೆ ಜೋಡಿ ಮಾಡೋ ಕಾರ್ಪೆಂಟರ್ ಇನ್ನೂ ಹುಟ್ಟಿಲ್ಲ. ನಾನು ರೈಲಲ್ಲಿದ್ರೆ ರೈಲು ಓಡುತ್ತೆ. ನಾನು ಸರಪಳಿ ಹತ್ರ ನನ್ನ ಎರಡು ಕಾಲ ಮೇಲೆ ನಿಂತಿದ್ರೆ ಟಿಪ್ಪರ್ ದಾಟುತ್ತೆ. ನಾನು ಒಂದೇ ಸಲ ಎರಡು ಕಡೆ ಇರೋಕಾಗಲ್ವಲ್ಲ?"

"ದೇವರು ದೊಡ್ಡವನು" ಎಂದು ಗೊಣಗಿದರು ಭಾವ. "ನೀನು ಇಬ್ಬರಿದ್ದಿದ್ರೆ ನಮ್ಮ ಗತಿ ಏನಾಗ್ತಿತ್ತು!"

ಮ್ಯಾನೇಜರು ನಗಲಿಲ್ಲ. ಒಂದೊಂದಾಗಿ ಪ್ರಶ್ನೆಗಳನ್ನು ಕೇಳಿದರು. ನೀವು ಸುಸ್ತಾದರೆ? ಆಗ ಎರಡೂ ನಿಲ್ಲುತ್ತವೆ, ಡಿಕ್ಕಿಯಂತೂ ಆಗುವುದಿಲ್ಲ. ನಿಮ್ಮ ಪರವಾಗಿ ಬೇರೆಯವರು ಬಂದು ಹೇಳಿದರೆ? ನಂಬಬಾರದು, ನನ್ನ ಮುಖ ಕಾಣದೆ ಕೊಂಡಿ ಎತ್ತಬಾರದು. ಮ್ಯಾನೇಜರು ಮೇಸ್ತ್ರಿಯಿಂದ ಆ ಮಾತನ್ನು ಒಂದು ಸಲವಲ್ಲ, ಮತ್ತೆ ಮತ್ತೆ ಹೇಳಿಸಿದರು. ಆಮೇಲೆ ಪಕ್ಕಕ್ಕೆ ಸರಿದು, "ಬಿಡಿ ರೈಲು" ಎಂದರು.

ಅಂದು ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಓಡಿದಳು. ರೈಲು ಹತ್ತಿ ಗುಲಾಬಿ ತೋಟಕ್ಕೆ, ಅಲ್ಲಿಂದ ಬೋಗಿಯ ತುದಿಯಲ್ಲಿ ನಿಂತು ಹಿಂದಕ್ಕೆ, ಸ್ಟೇಷನ್ನಿನಲ್ಲಿ ಇಳಿದು ಸರಪಳಿಯವರೆಗೆ ಓಟ. "ದಾಟ್ರಪ್ಪಾ, ಬೇಗ ಬೇಗ!" ಟಿಪ್ಪರ್‌ಗಳು ಧೂಳೆಬ್ಬಿಸಿ ದಾಟಿದ ಮೇಲೆ ತಾನೇ ನಿಂತು ಕೊಂಡಿ ಹಾಕಿಸಿ, ಮತ್ತೆ ಸ್ಟೇಷನ್ನಿಗೆ ಓಟ. ಮೊದಲು ಜನ ಏನೋ ತಮಾಷೆ ಎಂದುಕೊಂಡರು. ಸಾಲಿನಲ್ಲಿದ್ದವರಿಗೆ ಭಾವ ವಿಷಯ ಬಿಡಿಸಿ ಹೇಳಿದ ಮೇಲೆ ಅವಳು ಓಡಿ ಬಂದಾಗಲೆಲ್ಲ ಚಪ್ಪಾಳೆ ಬೀಳತೊಡಗಿತು. ಒಬ್ಬ ಅಜ್ಜ ತನ್ನ ನೀರಿನ ಬಾಟಲಿಯನ್ನೇ ಕೊಟ್ಟ. ಐಸ್‌ಕ್ರೀಮ್ ಮಾರುವವನು ಕುರ್ಚಿ ತಂದಿಟ್ಟ. ಅದರ ಮೇಲೆ ಕೂರಲು ಅವಳಿಗೆಲ್ಲಿ ಪುರಸೊತ್ತು? ಮೈಯೆಲ್ಲ ಬೆವರು, ಕೂದಲು ಬಿಚ್ಚಿಹೋಗಿದೆ, ಹಿಮ್ಮಡಿ ಉರಿಯುತ್ತಿದೆ. ಹಾಗಿದ್ದರೂ ಅವಳಿಗೆ ಒಳಗೊಳಗೇ ಖುಷಿಯೋ ಖುಷಿ. ಇಷ್ಟು ಜನರ ನಡುವೆ, ಇಷ್ಟು ಬಿಸಿಲಿನಲ್ಲಿ, ಇಡೀ ರೈಲು ತನ್ನ ಎರಡು ಕಾಲಿನ ಮೇಲೆ ನಿಂತಿದೆ ಎಂದು ಎದೆ ಉಬ್ಬಿತ್ತು.

ಮಧ್ಯಾಹ್ನ ಕಳೆದಿತ್ತು. ತುಂಬಿದ ರೈಲು ಗುಲಾಬಿ ತೋಟದಿಂದ ಹಿಂದಕ್ಕೆ ಬರುತ್ತಿತ್ತು. ತಿರುವು ದಾಟಿದೊಡನೆ ಬೋಗಿಯ ತುದಿಯಲ್ಲಿದ್ದ ಬಾವುಟದಕ್ಕನಿಗೆ ಸರಪಳಿಯ ಜಾಗ ಕಂಡಿತು. ಅಲ್ಲೊಂದು ಟಿಪ್ಪರ್ ಮೂಗು ಚಾಚಿ ನಿಂತಿದೆ. ಕಿಟಕಿಯಿಂದ ಡ್ರೈವರನ ಕೈ ಹೊರಗಿದೆ. ಆ ಕೈಯಲ್ಲಿ ಕೋಲು! ಹಳೆಯ ಕೋಲು, ನಿಜವಾದ ಕೋಲು, ಹಿತ್ತಾಳೆ ಬಳೆ ಬಿಸಿಲಿಗೆ ಹೊಳೆಯುತ್ತಿದೆ. ಮೇಸ್ತ್ರಿಯ ಮುಖ ಅರಳಿ ಊರಗಲವಾಗಿದೆ. ಅವನ ಕೈ, ತಿಂಗಳುಗಟ್ಟಲೆ ಕೋಲು ಕಂಡೊಡನೆ ಏನು ಮಾಡುತ್ತಿತ್ತೋ ಅದನ್ನೇ ಮಾಡುತ್ತಿದೆ. ಕೊಂಡಿ ಎತ್ತುತ್ತಿದೆ.

ಬಾವುಟದಕ್ಕ ಒಂದು ಕೈಯಲ್ಲಿ ಗಂಟೆಯ ಹಗ್ಗ ಎಳೆದಳು, ಇನ್ನೊಂದು ಕೈಯನ್ನು, ಕೆಂಪು ಬಟ್ಟೆ ಕಟ್ಟಿದ ಕೈಯನ್ನು, ಮೇಲೆತ್ತಿ ಕೂಗಿದಳು. "ಮೇಸ್ತ್ರೀ! ನನ್ನ ಮುಖಾ!"

ಆ ಗಂಟಲನ್ನು ಅಲ್ಲಿಯವರೆಗೆ ಎಷ್ಟೋ ಜನ ಶಪಿಸಿದ್ದರು. ಅಂದು ಅದು ಟಿಪ್ಪರಿನ ಗುಟುರನ್ನೂ ಮೀರಿಸಿತು. ಮೇಸ್ತ್ರಿ ಬೆಚ್ಚಿಬಿದ್ದು ತಿರುಗಿದ. ಕೊಂಡಿಯನ್ನು ತಿರುಗಿ ಸಿಕ್ಕಿಸಿದ್ದಷ್ಟೇ ಅಲ್ಲ, ಅದರ ಮೇಲೆ ನಂಬಿಕೆಯಿಲ್ಲದೆ ತಾನೇ ಸರಪಳಿಯ ಮೇಲೆ ಕೂತುಬಿಟ್ಟ. ಅತ್ತ ಒಂದೇ ಗಂಟೆಯ ಸದ್ದಿಗೆ ಭಾವ ಬ್ರೇಕು ಹಾಕಿದ್ದರು. ಅವಳನ್ನು ಏಕೆ ಎಂದು ಕೇಳಲಿಲ್ಲ, ಇಣುಕಿ ನೋಡಲಿಲ್ಲ. ಅವಳ ಕಣ್ಣೇ ತಮ್ಮ ಕಣ್ಣೆಂದು ಹಾಕಿದರು. ಜನ ಒಬ್ಬರ ಮೇಲೊಬ್ಬರು ವಾಲಿದರು. ರೈಲು ದಾಟುವ ಜಾಗಕ್ಕೆ ಇನ್ನೂ ಸಾಕಷ್ಟು ದೂರವಿರುವಾಗಲೇ ನಿಂತಿತು.

ಅವಳು ಇಳಿದು ನಡೆದುಹೋದಳು. ಟಿಪ್ಪರಿನ ಡ್ರೈವರ್ ಕಕ್ಕಾಬಿಕ್ಕಿಯಾಗಿ ಕೂತಿದ್ದ. "ನನ್ನದೇನು ತಪ್ಪಕ್ಕಾ? ಬೆಳಗ್ಗೆ ನನ್ನ ಗಾಡಿ ಮೆಟ್ಟಿಲ ಮೇಲೆ ಇತ್ತು. ವಾಪಸ್ ಬರುವಾಗ ದಾಟ್ಲಿ ಅಂತ ಮೇಸ್ತ್ರಿಗಳೇ ಇಟ್ಟಿದ್ದಾರೆ ಅಂದ್ಕೊಂಡೆ. ಸರಪಳಿ ಹಾಕೋ ಮೊದ್ಲೇ ದಾಟಿ ಮಣ್ಣು ಸುರಿಯೋಕೆ ಹೋಗಿದ್ದೆ, ಈಗ ಬರ್ತಿದೀನಿ. ಕೋಲು ನನ್ನ ಕೈಲಿದೆ, ಹಳಿ ನನ್ನದು ತಾನೇ?"

ಅವನ ತಪ್ಪೇನೂ ಇರಲಿಲ್ಲ. ಅವನು ನಿಯಮ ಮುರಿದಿರಲಿಲ್ಲ, ಅಕ್ಷರಶಃ ಪಾಲಿಸಿದ್ದ. ಕೋಲು ಮೇಸ್ತ್ರಿಯ ಬೆಲ್ಟಿನಿಂದ ಜಾರಿದ್ದು ಕಾಂಕ್ರೀಟಿಗಲ್ಲ, ಕೆಳಗೆ ನಿಂತಿದ್ದ ಗಾಡಿಯ ಮೆಟ್ಟಿಲಿಗೆ.

ಮೇಸ್ತ್ರಿ ಸರಪಳಿಯಿಂದ ಇನ್ನೂ ಎದ್ದಿರಲಿಲ್ಲ. "ಅಕ್ಕಾ, ಬೆಳಗ್ಗೆ ಆ ಹೊಸ ಕೋಲು ತಗೊಂಡಿದ್ದಿದ್ರೆ... ಅದು ರೈಲಲ್ಲಿ, ಇದು ಇವನ ಕೈಲಿ... ಕಣ್ಣು ಮುಚ್ಚಿ ಎತ್ತಿಬಿಡ್ತಿದ್ದೆ" ಎಂದ. ಬಾವುಟದಕ್ಕ ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಬೈಯಲಿಲ್ಲ. ಅವನ ಭುಜ ತಟ್ಟಿ, "ಕೂತಿದ್ದು ಒಳ್ಳೇದೇ ಆಯ್ತು. ನಿನ್ನ ತೂಕಕ್ಕೆ ಟಿಪ್ಪರೂ ಹೆದರ್ಕೊಂಡಿರುತ್ತೆ" ಎಂದಳು. ಬೋಗಿಗಳ ಕಡೆ ತಿರುಗಿ, "ಗಾಬರಿ ಬೇಡ! ರೈಲು ನಿಂತಿಲ್ಲ, ಉಸಿರು ತಗೊಳ್ತಿದೆ ಅಷ್ಟೇ!" ಎಂದು ಕೂಗಿದಳು. ಹಗ್ಗವನ್ನು ಎರಡು ಸಲ ಎಳೆದಳು. ರೈಲು ಹೊರಟಿತು.

ಸಿಕ್ಕಿದ ಕೋಲನ್ನು ಅವಳು ಅಂದು ಬಳಸಲಿಲ್ಲ. ಇವತ್ತು ಸಂಜೆಯವರೆಗೆ ನಾನೇ, ಒಂದೇ ದಿನದಲ್ಲಿ ಮತ್ತೆ ಮತ್ತೆ ನಿಯಮ ಬದಲಾಯಿಸಿದರೆ ಇನ್ನೊಬ್ಬ ಎಡವುತ್ತಾನೆ ಎಂದು ಅದನ್ನು ಮ್ಯಾನೇಜರ ಮೇಜಿನ ಒಳಗೆ ಇಡಿಸಿದಳು. ಕೊನೆಯ ಸುತ್ತು ಮುಗಿದು, ಕೊನೆಯ ಮಗು ಕೈಬೀಸಿ ಹೋಗುವವರೆಗೂ ಓಡಿದಳು. ಆಮೇಲೆ ಆ ಕುರ್ಚಿಯಲ್ಲಿ ಧೊಪ್ಪನೆ ಕೂತಳು.

ಮ್ಯಾನೇಜರು ಬಂದು ಎದುರು ನಿಂತರು. "ಮೇಲಿನವರ ಹತ್ರ ಮಾತಾಡ್ದೆ. ನಡೆದಿದ್ದೆಲ್ಲ ಹೇಳ್ದೆ. ಆ ಷರತ್ತು ತೆಗೆದುಬಿಟ್ರು. ಇನ್ನು ಒಂದು ದಿನ ನಿಂತ್ರೂ ಮಾರನೇ ದಿನ ರೈಲು ಓಡುತ್ತೆ. ನಿಮ್ಮನ್ನ ಯಾರೂ ಎಲ್ಲಿಗೂ ಕಳಿಸಲ್ಲ."

"ನಿಲ್ಲೋದು ಯಾಕೆ ಸಾರ್?" ಎಂದಳು ಬಾವುಟದಕ್ಕ. ಅಂದವಳೇ ಮುಖ ಮುಚ್ಚಿಕೊಂಡು ಗಳಗಳ ಅತ್ತುಬಿಟ್ಟಳು. ಸಂತೋಷಕ್ಕೇ ಅತ್ತಳು, ಅದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಭಾವ ಏನು ಮಾಡಬೇಕೆಂದು ತಿಳಿಯದೆ ಚಿಮಣಿ ಒರೆಸುವ ಬಟ್ಟೆಯನ್ನೇ ಅವಳಿಗೆ ಕೊಟ್ಟರು. ಅವಳು ಮುಖ ಒರೆಸಿಕೊಂಡಾಗ ಮೂಗಿನ ಮೇಲೆ ಎಣ್ಣೆ ಮಸಿ ಹತ್ತಿತು. ಯಾರೂ ಹೇಳಲಿಲ್ಲ. ಹಾಗೇ ಮನೆಗೆ ಹೋದಳು. ಅಕ್ಕ ಬಿಸಿನೀರಿನ ಬೋಗುಣಿಯಲ್ಲಿ ಅವಳ ಕಾಲಿರಿಸಿದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಬಾವುಟದಕ್ಕನ ಗಂಡ ಕತೆಯನ್ನೆಲ್ಲ ಕೇಳಿ, "ನಿನಗೆ ಜೋಡಿ ಇಲ್ಲ ಅಂತ ಕಂಡುಹಿಡಿಯೋಕೆ ಅವರಿಗೆ ಇಷ್ಟು ದಿನ ಬೇಕಾಯ್ತಾ? ನನ್ನ ಕೇಳಿದ್ರೆ ಹೇಳ್ತಿದ್ನಲ್ಲ" ಎಂದ.

ಕೆಲಸ ಮುಂದುವರಿಯಿತು, ರೈಲೂ ಮುಂದುವರಿಯಿತು. ಮಳೆಗೆ ಹಳಿಯ ಕೆಳಗಿನ ಜಲ್ಲಿ ಕುಸಿದಾಗ ಮೇಸ್ತ್ರಿಯ ಆಳುಗಳೇ ಸೂರ್ಯ ಹುಟ್ಟುವ ಮೊದಲು ಬಂದು, ಯಾರೂ ಕೇಳದೆಯೇ, ಜಲ್ಲಿ ಬಡಿದು ಕೊಟ್ಟರು. ಬೆಟ್ಟ ಎದ್ದು ನಿಂತಿತು. ಅದರ ಹೊಟ್ಟೆಯೊಳಗೆ ಸುರಂಗ ಬಂತು, ಹಳಿಯ ತುದಿಗಳು ಕೂಡಿದವು, ಉಂಗುರ ಮತ್ತೆ ದುಂಡಗಾಯಿತು.

ಸುರಂಗದ ದಾರಿಯಲ್ಲಿ ಮೊದಲ ಓಡಾಟ ಎಂದು ಗೊತ್ತು ಮಾಡಿದ ಬೆಳಗ್ಗೆ ಪ್ಲಾಟ್‌ಫಾರ್ಮಿನ ತುಂಬ ಜನ. ಮುಂದಿನ ಬೋಗಿಗಳಲ್ಲಿ ಬೆಟ್ಟ ಕಟ್ಟಿದವರು, ಅವರ ಹೆಂಡಿರು ಮಕ್ಕಳು. ಹಾಗೆ ಆಗಬೇಕೆಂದು ಹಟ ಹಿಡಿದವಳು ಬಾವುಟದಕ್ಕನೇ. ಮೇಲಿನವರೆಲ್ಲ ಬಂದಿದ್ದರು. ಭಾವ ಸಿಳ್ಳೆ ಹಾಕಿದರು. ಎಲ್ಲರೂ ಹಸಿರು ಬಾವುಟಕ್ಕೆ ಕಾದರು. ಬಾವುಟ ಏಳಲಿಲ್ಲ. ಬಾವುಟದಕ್ಕ ಕತ್ತೆತ್ತಿ, ಸ್ಟೇಷನ್ನಿನ ಮೇಲೆ ಕಟ್ಟಿದ್ದ ದೊಡ್ಡ ಬಟ್ಟೆಯ ಬ್ಯಾನರನ್ನು ಓದುತ್ತಿದ್ದಳು. "ನಮ್ಮ ರೈಲು ಮತ್ತೆ ಓಡುತ್ತಿದೆ" ಎಂದು ದಪ್ಪ ಅಕ್ಷರಗಳಲ್ಲಿ ಬರೆಸಿದ್ದರು.

"ಏನಾಯ್ತಮ್ಮ?" ಎಂದು ಮ್ಯಾನೇಜರು ಹತ್ತಿರ ಬಂದರು.

"ಮತ್ತೆ ಅಂತ ಯಾಕೆ ಬರೆಸಿದ್ದೀರಿ ಸಾರ್? ಇದು ನಿಂತಿದ್ದು ಯಾವಾಗ?"

ಮ್ಯಾನೇಜರು ಬ್ಯಾನರ್ ನೋಡಿದರು, ಅವಳನ್ನು ನೋಡಿದರು, ಮೇಲಿನವರನ್ನು ನೋಡಿದರು. ಮೇಲಿನವರಲ್ಲಿ ದೊಡ್ಡವರು ಮೊದಲು ಹುಬ್ಬು ಗಂಟಿಕ್ಕಿ, ಆಮೇಲೆ ಜೋರಾಗಿ ನಕ್ಕು, "ಅವರು ಹೇಳೋದು ಸರಿ. ಕತ್ತರಿಸಿ" ಎಂದರು. ಬೋಗಿಯಲ್ಲಿ ಕೂತಿದ್ದ ಮೇಸ್ತ್ರಿ ಹೆಂಡತಿಯ ಮಡಿಲಿಗೆ ಟೋಪಿ ಎಸೆದು, ಏಣಿ ತರಿಸಿ ತಾನೇ ಹತ್ತಿದ. ಚಾಕುವಿನಿಂದ ಆ ಒಂದು ಮಾತನ್ನು ಸುತ್ತಲೂ ಕೊಯ್ದು ತೆಗೆದ. ಬಟ್ಟೆಯ ನಡುವೆ ಚೌಕದ ಕಿಂಡಿಯೊಂದು ಬಿತ್ತು, ಆ ಕಿಂಡಿಯಿಂದ ನೀಲಿ ಆಕಾಶ ಕಾಣುತ್ತಿತ್ತು.

ನಮ್ಮ ರೈಲು ಓಡುತ್ತಿದೆ ಎಂದು ಬಾವುಟದಕ್ಕ ಎಲ್ಲರಿಗೂ ಕೇಳುವ ಹಾಗೆ ಓದಿದಳು. ಹಸಿರು ಬಾವುಟ ಎತ್ತಿದಳು. ದಿನಾ ಹೊರಡುವ ಹೊತ್ತಿಗೇ ರೈಲು ಹೊರಟಿತು.